ಖಾಲಿ ಬಿಟ್ಟ ಸಾಲು

ಜೂನ್ ೩, ಸೋಮವಾರ

ಇವತ್ತಿನಿಂದ ನನ್ನ ಕುರ್ಚಿ ಸಿಮೆಂಟ್ ಗೋದಾಮಿನಲ್ಲಿ. ಆಫೀಸಿನಲ್ಲಿ ಕೂತಲ್ಲೇ ನೂರೆಂಟು ಸಾಫ್ಟ್‌ವೇರ್ ಎರರ್ ಬಿಡಿಸಿದವಳು ನಾನು, ಇದೊಂದು ಮಾತ್ರ ಕೈಗೆ ಸಿಕ್ಕದೆ ಆಟ ಆಡಿಸುತ್ತಿದೆ. ಖುದ್ದು ಹೋಗಿ ಕೂತುಕೊಳ್ಳಿ, ಬಗೆಹರಿದ ಮೇಲೆ ಬನ್ನಿ ಎಂದರು ಹೆಡ್ಡಾಫೀಸಿನ ಸಾಹೇಬರು. ಈ ತಿಂಗಳೊಳಗೆ ಬಗೆಹರಿಯದಿದ್ದರೆ ವಾಪಸ್ ಬರುವ ತೊಂದರೆಯೇ ಬೇಡ ಎಂದು ನಗುನಗುತ್ತಲೇ ಸೇರಿಸಿದರು. ಆ ನಗು ಇನ್ನೂ ಕಿವಿಯಲ್ಲಿದೆ.

ವಿಷಯ ಇಷ್ಟೆ. ಲಾರಿಗೆ ಮೂಟೆ ತುಂಬಿ, ತೂಕ ಮಾಡಿಸಿ, ಕಾಗದಪತ್ರ ಮುಗಿದ ಮೇಲೆ ಪಾಸ್ ಕೊಡುವ ಕೋಣೆಯ ಪರದೆಯಲ್ಲಿ ಹೊರಡಬಹುದಾದ ಲಾರಿಗಳ ಪಟ್ಟಿ ಬರಬೇಕು. ಪಟ್ಟಿಯಲ್ಲಿದ್ದ ಲಾರಿಗೆ ಪಾಸು, ಪಾಸಿದ್ದ ಲಾರಿಗೆ ಗೇಟು. ಕೆಲವು ದಿನ ಇದ್ದಕ್ಕಿದ್ದಂತೆ ಪಟ್ಟಿ ಬರಿದಾಗುತ್ತದೆ. ಅಂಗಳದ ತುಂಬ ಲಾರಿ ನಿಂತಿದ್ದರೂ ಪರದೆ ಮಾತ್ರ ‘ಹೊರಡುವ ಲಾರಿ ಯಾವುದೂ ಇಲ್ಲ’ ಎನ್ನುತ್ತದೆ. ಡೇಟಾಬೇಸಿಗೆ ನಾವು ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಸರಿಯಾಗಿದೆ, ಉತ್ತರ ತಪ್ಪು. ಸ್ವಲ್ಪ ಹೊತ್ತು ಡ್ರೈವರುಗಳು ಬಿಸಿಲಲ್ಲಿ ಕಾಯುತ್ತಾರೆ, ಆಮೇಲೆ ಕಾಯುವುದಿಲ್ಲ.

ಕಾಯದೆ ಹೋದರೆ ಏನಾಗುತ್ತದೆಂದು ಮೊದಲ ದಿನವೇ ನೋಡಿದೆ. ಸಾಲು ತಪ್ಪಿಸಿದ ಎಂದು ಒಬ್ಬ ಡ್ರೈವರ್ ಹಮಾಲಿಯ ಎದೆಗೆ ಒದ್ದ. ಹಮಾಲಿಯ ಕೈಯಲ್ಲಿ ಮೂಟೆ ಎಳೆಯುವ ಕೊಕ್ಕೆ ಇತ್ತು. ಅದನ್ನು ಬೀಸಿದ, ಡ್ರೈವರನ ಕಿವಿ ಅರ್ಧಕ್ಕೆ ಹರಿದು ಜೋತುಬಿತ್ತು. ಅವನು ಅದನ್ನು ಒಂದು ಕೈಯಲ್ಲಿ ತಲೆಗೆ ಒತ್ತಿ ಹಿಡಿದುಕೊಂಡೇ ಇನ್ನೊಂದು ಕೈ ಬೀಸುತ್ತ ಹಮಾಲಿಯ ವಂಶವನ್ನೆಲ್ಲ ಬೈದ. ನಾನು ಕಿಟಕಿಯಿಂದ ನೋಡುತ್ತ ನಿಂತಲ್ಲೇ ಬೆವೆತುಹೋದೆ. ಇರುವೆ ತುಳಿಯಲೂ ಹಿಂದೆಮುಂದೆ ನೋಡುವವಳು ನಾನು. ಎಂಥ ಕಾಡುಜನ ಇವರು.

ಮನೆಗೆ ಬಂದ ಕೂಡಲೇ ನಡೆದದ್ದನ್ನೆಲ್ಲ ಹೇಳಿದೆ. ಇವರು ಹೊಲಿಗೆ ಮಷಿನ್ ರಿಪೇರಿ ಬದಿಗಿಟ್ಟು ಎದ್ದು ಬಂದು ಹಾಲು ಕಾಯಿಸಿ ಕೊಟ್ಟರು. ಮುಂದಿನ ಕೋಣೆಯೇ ಇವರ ಅಂಗಡಿ, ಎಣ್ಣೆಯ ವಾಸನೆ ಇವರ ಬೆರಳಿನಿಂದ ಯಾವತ್ತೂ ಹೋಗುವುದಿಲ್ಲ. ಆ ಬೆರಳಿನಲ್ಲೇ ನನ್ನ ಅಂಗೈ ಒತ್ತುತ್ತ, ಮಾತು ಬಲ್ಲವನಿಗೆ ಜಗಳವಿಲ್ಲ, ನೀನು ಮಾತಿನ ಮಲ್ಲಿ, ನಿನಗೇನು ಭಯ ಎಂದರು. ಮಗಳು ಪುಟ್ಟಿಗೂ ನಗು ಬಂತು, ನನಗೂ ಬಂತು.

ಜೂನ್ ೫, ಬುಧವಾರ

ಪಟ್ಟಿ ಬರಿದಾಯಿತು, ನನ್ನ ಕಣ್ಣೆದುರಿಗೇ. ಇನ್ನೇನು ಹಿಡಿದೆ ಎಂದು ಕೀಲಿಮಣೆಗೆ ಕೈ ಇಟ್ಟೆ, ಅಷ್ಟರಲ್ಲಿ ಕಿಟಕಿಯ ಗಾಜು ಒಡೆದು ಕಲ್ಲು ನನ್ನ ಭುಜ ಸವರಿ ಗೋಡೆಗೆ ಬಡಿಯಿತು. ಪಾಸ್ ಬರೆಯುವ ಗುಮಾಸ್ತ ಓಡಿಹೋಗಿ ಸರ್ವರ್ ಆರಿಸಿ ಹಚ್ಚಿದ. ಅವನು ತೆಳ್ಳಗೆ, ಕುತ್ತಿಗೆ ಅತ್ತಿತ್ತ ಆಡಿಸುತ್ತ ಮಾತಾಡುತ್ತಾನೆ, ಇಡೀ ಗೋದಾಮಿಗೆ ಅವನು ಗುಬ್ಬಚ್ಚಿ. ಆರಿಸಿ ಹಚ್ಚಿದ ಕೂಡಲೇ ಪಟ್ಟಿ ಬಂತು, ಲಾರಿಗಳು ಹೊರಟವು. ತಪ್ಪಿನ ಗುರುತೂ ಅದರ ಜೊತೆ ಅಳಿಸಿಹೋಯಿತು. ಕಳ್ಳನ ಹೆಜ್ಜೆ ಇರುವ ನೆಲವನ್ನು ಪೊಲೀಸರು ಬರುವ ಮೊದಲೇ ಗುಡಿಸಿದ ಹಾಗೆ.

ಹಾಗೆ ಮಾಡಬೇಡಪ್ಪ, ತಪ್ಪು ಇರುವಾಗಲೇ ನಾನು ಒಳಗೆ ಇಣುಕಬೇಕು ಎಂದು ಅವನಿಗೆ ಸಮಾಧಾನದಿಂದ ವಿವರಿಸಿದೆ. ಆಯ್ತು ಮೇಡಂ ಎಂದ. ಭುಜ ನೀಲಿಗಟ್ಟಿದೆ.

ಜೂನ್ ೬, ಗುರುವಾರ

ಮತ್ತೆ ಬರಿದಾಯಿತು, ಗುಬ್ಬಚ್ಚಿ ಮತ್ತೆ ಆರಿಸಿ ಹಚ್ಚಿದ. ಸಾಹೇಬರು ಫೋನಿನಲ್ಲಿ ನನ್ನನ್ನು ಎರಡು ಮಾತಿನಲ್ಲಿ ತೊಳೆದರು.

ಮನೆಯಲ್ಲಿ ಪುಟ್ಟಿ ಕೇಳಿದ್ದನ್ನೇ ಕೇಳಿದಳು. ಲೋಟ ಕೈಯಿಂದ ಜಾರಿ ಗೋಡೆಗೆ ಹೋಯಿತು.

ಜೂನ್ ೧೦, ಸೋಮವಾರ

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇಲ್ಲಿನ ಮ್ಯಾನೇಜರನನ್ನು ನೋಡಿಯೇ ಹೇಳಿದ್ದಿರಬೇಕು. ಸಾಹೇಬರು ಅವನಿಗೆ ಬೈದರು, ಅವನು ಬಂದು ಗುಬ್ಬಚ್ಚಿಯ ಕಪಾಳಕ್ಕೆ ಬಿಗಿದ. ಕನ್ನಡಕ ಹಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿ ಕೊಟ್ಟೆ. ಬುದ್ಧಿ ಇಲ್ಲದವರು ಹೀಗೆ ಮೈಮೇಲೆ ಹೋಗುತ್ತಾರೆ.

ಮಧ್ಯಾಹ್ನ ಒಬ್ಬ ಡ್ರೈವರ್ ಒಡೆದ ಕಿಟಕಿಯೊಳಗೆ ಕೈ ಹಾಕಿ ನನ್ನ ಕೂದಲು ಹಿಡಿದ. ಪಾಸ್ ಕೊಡೇ ಎಂದು ತಲೆಯನ್ನು ಕಂಬಿಗೆ ಎಳೆದು ಬಡಿದ. ಕಣ್ಣು ಕತ್ತಲೆ ಬಂತು. ಆಗ ಗೇಟ್ ಕಾಯುವವನು ಓಡಿಬಂದು ಅವನನ್ನು ಕಿತ್ತು ಬಿಸಾಕಿದ. ಗೇಟಿನವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಮೀಸೆ ಎಂದೇ ಕರೆಯುತ್ತಾರೆ. ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ, ಅಂಥ ಆಳು. ಅವನ ಮೀಸೆ ಕಂಡರೆ ಲಾರಿ ತಾನಾಗಿ ಬ್ರೇಕು ಹಾಕುತ್ತದಂತೆ. ಹೋಗುವಾಗ ತನ್ನ ಕೋಣೆಯಿಂದ ಒಂದು ಜಾಕಿ ರಾಡು ತಂದು ನನ್ನ ಮೇಜಿನ ಮೇಲಿಟ್ಟ. ಮೊಳದುದ್ದದ ಕಬ್ಬಿಣ, ಹಿಡಿಗೆ ರಬ್ಬರ್ ಸುತ್ತಿದೆ. ಇಟ್ಕೊಂಡಿರಿ ಮೇಡಂ, ಹೊಡೀಬೇಕಾಗಿಲ್ಲ, ಕಂಡ್ರೆ ಸಾಕು ಎಂದ.

ಸಂಜೆ ಇನ್ನೊಬ್ಬ ಕಿಟಕಿಗೆ ಕೈ ಇಟ್ಟ. ಅವನು ಏನು ಕೇಳಲು ಬಂದಿದ್ದನೋ ಗೊತ್ತಿಲ್ಲ. ರಾಡು ಅವನ ಬೆರಳ ಗೆಣ್ಣಿನ ಮೇಲೆ ಬಿತ್ತು. ಅವನು ಕೂಗಲೂ ಇಲ್ಲ, ಬಾಯಿ ತೆರೆದು ನನ್ನನ್ನು ನೋಡಿದ. ಅಂಗಳದಲ್ಲಿ ಗಲಾಟೆ ಟಪ್ ಎಂದು ನಿಂತಿತು. ಒಂದು ವಾರದಿಂದ ಮಾತಾಡಿ ಮಾತಾಡಿ ನನ್ನ ಗಂಟಲು ಹರಿದಿತ್ತು, ಯಾರೂ ಕೇಳಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಉಂಡ ಹಾಗೆ ಹಿತವಾಯಿತು.

ರಾಡನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ದಾರಿಯಲ್ಲಿ ಯಾರು ಹೇಗೋ.

ಜೂನ್ ೧೧, ಮಂಗಳವಾರ



ಜೂನ್ ೧೨, ಬುಧವಾರ

ಇವತ್ತು ಪಟ್ಟಿ ಸರಿಯಾಗಿತ್ತು. ಕೆಟ್ಟಿಲ್ಲದ ದಿನ ನನಗೆ ಕೆಲಸವೇ ಇಲ್ಲ, ಕ್ವೆರಿಯನ್ನು ಓದಿದ್ದೇ ಓದಿದ್ದು. ತಡೆಹಿಡಿದ ಲಾರಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತೋರಿಸು ಎಂದು ಅದು ಕೇಳುತ್ತದೆ. ಟಾರ್ಪಾಲು ಹರಿದಿದ್ದರೆ, ಡ್ರೈವರ್ ಕುಡಿದಿದ್ದರೆ ಗೇಟಿನವನು ಆ ಲಾರಿಯ ನಂಬರ್ ಹಾಕಿ ಆ ದಿನಕ್ಕೆ ತಡೆಯಬಹುದು. ಅದರಲ್ಲೇನೂ ತಪ್ಪು ಕಾಣುವುದಿಲ್ಲ.

ಇವರ ಹುಬ್ಬಿನ ಮೇಲೆ ಅಂಟುಪಟ್ಟಿ. ಮೇಲಿನ ಮನೆ ಅಜ್ಜಿ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರಂತೆ, ಕಪಾಟಿನ ಬಾಗಿಲು ತಗುಲಿತು ಎಂದರಂತೆ. ಅಜ್ಜಿ ನನ್ನನ್ನೂ ಕೇಳಿದರು. ಹೌದು ಅಜ್ಜಿ, ನೋಡಿಕೊಂಡು ಓಡಾಡುವುದಿಲ್ಲ ಎಂದೆ.

ಜೂನ್ ೧೫, ಶನಿವಾರ

ಗುಬ್ಬಚ್ಚಿಗೆ ಒಂದು ಕೊಟ್ಟೆ. ಕೊಡಲೇಬೇಕಿತ್ತು. ಪಟ್ಟಿ ಬರಿದಾಗಿ ಎರಡು ನಿಮಿಷವಾಗಿಲ್ಲ, ನಾನು ಒಳಗೆ ಇಣುಕುತ್ತಿದ್ದೇನೆ, ಇವನು ಬೆಕ್ಕಿನ ಹಾಗೆ ಹಿಂದಿನಿಂದ ಹೋಗಿ ಸರ್ವರ್ ಆರಿಸಿದ. ಸಮಾಧಾನದಿಂದ ಹೇಳಿದ್ದೆ, ಬರೆದು ಅಂಟಿಸಿದ್ದೆ. ಕೆನ್ನೆಯ ಮೇಲೆ ಬಿದ್ದ ಮೇಲೆ ಮಾತ್ರ ಅರ್ಥವಾಯಿತು. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಅವ್ರು ನನ್ನ ಕೊಂದ್ಹಾಕ್ತಾರೆ ಮೇಡಂ. ನೀವು ಒಳಗಿರ್ತೀರಿ, ಬಾಗಿಲಲ್ಲಿ ನಿಂತು ಉತ್ತರ ಕೊಡೋನು ನಾನು,” ಎಂದು ಮೂಗು ಒರೆಸಿಕೊಂಡ.

ಮ್ಯಾನೇಜರ್ ಕೂಡ ಈಗ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ರಾಡು ಮೇಜಿನ ಮೇಲಿದ್ದರೆ ಸಾಕು.

ಪುಟ್ಟಿ ಎಷ್ಟು ಒಳ್ಳೆಯ ಹುಡುಗಿಯಾಗಿದ್ದಾಳೆ. ಮೊದಲು ನಾನು ಬಾಗಿಲು ತೆಗೆಯುವುದರೊಳಗೆ ಕಾಲಿಗೆ ತೊಡರಿಕೊಂಡು ತಲೆ ತಿನ್ನುತ್ತಿದ್ದಳು. ಈಗ ನನ್ನ ಹೆಜ್ಜೆ ಕೇಳಿದ ಕೂಡಲೇ ಆಟ ನಿಲ್ಲಿಸಿ ಪುಸ್ತಕ ಹಿಡಿಯುತ್ತಾಳೆ. ಹೇಳಿಕೊಡದೆಯೇ ಕಲಿತಿದ್ದಾಳೆ.

ಜೂನ್ ೧೮, ಮಂಗಳವಾರ

ಸಿಕ್ಕಿತು. ಕೊನೆಗೂ ಸಿಕ್ಕಿತು.

ಬೆಳಿಗ್ಗೆ ಹತ್ತರ ಸುಮಾರಿಗೆ ಪಟ್ಟಿ ಬರಿದಾಯಿತು. ಈ ಸಲ ನಾನು ತಯಾರಾಗಿದ್ದೆ. ಸರ್ವರ್ ಇರುವ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಯಾರೂ ಆರಿಸಬಾರದು, ನನಗೆ ಬೇಕಾದದ್ದು ಸ್ವಲ್ಪ ಹೊತ್ತು, ಅಷ್ಟೆ. ಹೊರಗೆ ಗುಬ್ಬಚ್ಚಿ ಮೊದಲು ಮೆಲ್ಲಗೆ ಬಾಗಿಲು ತಟ್ಟಿದ. ಆಮೇಲೆ ಜೋರಾಗಿ ತಟ್ಟಿದ. ನಾನು ಒಂದೊಂದು ಪಟ್ಟಿಯನ್ನೇ ತೆಗೆದು ನೋಡುತ್ತ ಹೋದೆ. ತುಂಬಿದ ಲಾರಿಗಳು ಸರಿ, ತೂಕ ಸರಿ, ಕಾಗದ ಸರಿ. ಮೇಡಂ, ಅವ್ರು ಬಂದ್ರು, ಮೇಡಂ, ಒಳಗೆ ಬಿಡಿ ಎಂದು ಅವನು ಕೂಗುತ್ತಿದ್ದ. ಮೇಜು ಮಗುಚಿದ ಸದ್ದು ಕೇಳಿಸಿತು, ಬಳಿಕ ಬಾಗಿಲಿಗೆ ಏನೋ ಭಾರವಾದದ್ದು ಬಡಿಯಿತು, ಇನ್ನೊಮ್ಮೆ ಬಡಿಯಿತು. ನಾನು ತಡೆಹಿಡಿದ ಲಾರಿಗಳ ಪಟ್ಟಿ ತೆರೆದೆ.

ಅದರಲ್ಲಿ ಒಂದೇ ಒಂದು ಸಾಲು. ತಾರೀಖು ಇದೆ, ಗಂಟೆ ಇದೆ, ಲಾರಿಯ ನಂಬರ್ ಇರಬೇಕಾದ ಜಾಗ ಖಾಲಿ.

ಕೂತಲ್ಲೇ ನಕ್ಕುಬಿಟ್ಟೆ. ಇಷ್ಟು ದಿನ ಕಣ್ಣಿಗೆ ಮಣ್ಣೆರಚಿದ್ದು ಇದು. ತಡೆದ ಲಾರಿ ಯಾವುದು ಎಂದು ಬರೆಯದೆ ಒಂದು ಲಾರಿ ತಡೆದಿದೆ ಎಂದಷ್ಟೇ ಹೇಳಿದರೆ ಯಂತ್ರ ಏನು ಮಾಡಬೇಕು? ಊರಿನಲ್ಲಿ ಒಬ್ಬ ಕಳ್ಳನಿದ್ದಾನೆ, ಹೆಸರು ಗೊತ್ತಿಲ್ಲ ಎಂದರೆ ಯಾರನ್ನೂ ಇವನು ಕಳ್ಳನಲ್ಲ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಈ ಲಾರಿ ಅದಲ್ಲವೇ? ಗೊತ್ತಿಲ್ಲ. ಆ ಲಾರಿ? ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಯಂತ್ರ ತೋರಿಸುವುದಿಲ್ಲ, ಹಾಗಾಗಿ ಇಡೀ ಪಟ್ಟಿ ಮಾಯ. ಸರ್ವರ್ ಮತ್ತೆ ಶುರುವಾಗುವಾಗ ಅರ್ಧಂಬರ್ಧ ಬಿಟ್ಟ ಸಾಲುಗಳನ್ನು ಗುಡಿಸಿ ಹಾಕುತ್ತದೆ, ಆದ್ದರಿಂದ ಆರಿಸಿ ಹಚ್ಚಿದರೆ ಸರಿಹೋಗುತ್ತಿತ್ತು. ಆ ಸಾಲು ಬಂದದ್ದು ಗೇಟಿನ ಕಂಪ್ಯೂಟರಿನಿಂದ.

ಸಾಲಿನ ಚಿತ್ರ ತೆಗೆದುಕೊಂಡು, ಅಳಿಸಿ, ಪಟ್ಟಿ ಬಂತೆಂದು ಖಾತ್ರಿ ಮಾಡಿಕೊಂಡು ಬಾಗಿಲು ತೆಗೆದೆ. ಗುಬ್ಬಚ್ಚಿ ಬಾಗಿಲಿಗೆ ಒರಗಿದ್ದವನು ಒಳಗೆ ಬಿದ್ದ. ಮುಖ ಗುರುತು ಸಿಗುತ್ತಿರಲಿಲ್ಲ, ಮುಂದಿನ ಹಲ್ಲು ಎರಡು ನೆಲದಲ್ಲಿದ್ದವು. ಅವನ ತಲೆಯನ್ನೇ ಹಿಡಿದು ಬಾಗಿಲಿಗೆ ಬಡಿದಿದ್ದರಂತೆ. ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ನಾನೇನು ಮಾಡಿದೆ, ಬಾಗಿಲು ಹಾಕಿಕೊಂಡೆ, ಅಷ್ಟೆ.

ಕ್ವೆರಿಯನ್ನು ಈಗಲೇ ತಿದ್ದುತ್ತೇನೆ ಎಂದು ಸಾಹೇಬರಿಗೆ ಫೋನ್ ಮಾಡಿದೆ. ಆ ಸಾಲು ಖಾಲಿ ಯಾಕೆ ಬಂತು, ಯಾರು ಬಿಟ್ಟರು ಎಂದು ಬರೆದುಕೊಡದೆ ಏನನ್ನೂ ಮುಟ್ಟುವಂತಿಲ್ಲವಂತೆ. ನಿಯಮವಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಜೂನ್ ೨೦, ಗುರುವಾರ

ಮೀಸೆಯನ್ನು ನಿನ್ನೆಯೇ ಕೇಳಿದ್ದೆ. ಕೈ ತಪ್ಪಿರಬೇಕು ಮೇಡಂ ಎಂದು ಗೇಟಿನ ಕಡೆ ನೋಡಿದ. ಒಮ್ಮೆ ತಪ್ಪಿದರೆ ಕೈ, ಇಷ್ಟು ಸಲ ತಪ್ಪಿದರೆ ಅದು ಬೇರೆಯೇ ಎಂದೆ. ಅಷ್ಟು ದೊಡ್ಡ ಆಳು ನನ್ನ ಮುಂದೆ ಚಪ್ಪಲಿ ನೋಡುತ್ತ ನಿಂತ. ನಾಳೆ ಹೇಳ್ತೀನಿ ಎಂದ.

ಇವತ್ತು ಹೇಳುವ ಸ್ಥಿತಿಯಲ್ಲಿಲ್ಲ. ಮತ್ತೆ ಪಟ್ಟಿ ಬರಿದಾಯಿತು. ಅಳಿಸಲು ನಾನು ಒಳಗೆ ಹೋಗುವಷ್ಟು ಹೊತ್ತೂ ಡ್ರೈವರುಗಳು ಕಾಯಲಿಲ್ಲ. ಒಬ್ಬ ತುಂಬಿದ ಲಾರಿಯನ್ನು ಹಿಂದಕ್ಕೆ ತೆಗೆದು, ಹಾರ್ನ್ ಒತ್ತಿ ಹಿಡಿದು, ನೇರ ಗೇಟಿಗೇ ನುಗ್ಗಿಸಿದ. ಮೀಸೆ ಕೈ ಅಡ್ಡ ಚಾಚಿ ನಿಂತಿದ್ದ. ಗೇಟು ಕಿತ್ತುಬಂದು ಅವನ ಮೇಲೆ ಬಿತ್ತು, ಗೇಟಿನ ಮೇಲೆ ಲಾರಿಯ ಮುಂದಿನ ಚಕ್ರ ಹತ್ತಿತು. ತೊಡೆಯ ಮೂಳೆ ಮುರಿದ ಸದ್ದು ಪಾಸ್ ಕೋಣೆಗೂ ಕೇಳಿಸಿತು. ಹಮಾಲಿಗಳು ಡ್ರೈವರನನ್ನು ಕೆಳಗೆಳೆದು ಕೊಕ್ಕೆಗಳಿಂದ ಹೊಡೆದರು. ಬಿಡಿಸಲು ನಾನೂ ಹೋದೆ. ರಾಡು ಕೈಯಲ್ಲಿತ್ತು. ಎರಡೋ ಮೂರೋ ಸಲ ಬೀಸಿದೆ, ಯಾರಿಗೆ ತಗುಲಿತೋ ನೋಡಲಿಲ್ಲ. ಡ್ರೈವರ್ ಬದುಕುತ್ತಾನಂತೆ, ಒಂದು ಕಣ್ಣು ಹೋಗಿದೆಯಂತೆ.

ಮನೆಗೆ ಬಂದು ರಾಡನ್ನು ನಲ್ಲಿಯ ಕೆಳಗೆ ತೊಳೆಯುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

“ಅದನ್ನ ಆಫೀಸಲ್ಲೇ ಬಿಟ್ಟು ಬಾರೇ. ಮಗು ನೋಡ್ತಾಳೆ.”

ಮೂರು ವಾರದಿಂದ ನಾನು ಏನು ನೋಡುತ್ತಿದ್ದೇನೆ ಎಂದು ಯಾರೂ ಕೇಳಲಿಲ್ಲ.

ಜೂನ್ ೨೧, ಶುಕ್ರವಾರ



ಜೂನ್ ೨೨, ಶನಿವಾರ

ಇವರ ಬಲಗೈಗೆ ದಪ್ಪನೆಯ ಬ್ಯಾಂಡೇಜು. ತೋರುಬೆರಳು, ನಡುಬೆರಳು ಎರಡೂ ಮುರಿದಿವೆಯಂತೆ. ರಿಪೇರಿಗೆ ಬಂದ ಮಷಿನ್‌ಗಳನ್ನು ಒಂದೊಂದಾಗಿ ವಾಪಸ್ ಕಳಿಸುತ್ತಿದ್ದಾರೆ. ಮಷಿನ್ನಿನ ತಲೆ ಕೈಮೇಲೆ ಬಿತ್ತು ಅಜ್ಜಿ ಎಂದು ಮೇಲಿನ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು. ಅಜ್ಜಿ ಈ ಸಲ ನನ್ನನ್ನು ಏನೂ ಕೇಳಲಿಲ್ಲ, ಸುಮ್ಮನೆ ನೋಡಿದರು. ಮುದುಕಿಗೆ ಬೇರೆ ಕೆಲಸವಿಲ್ಲ.

ಪುಟ್ಟಿಗೆ ರಾತ್ರಿ ಭಯವಾಗುತ್ತದಂತೆ, ಇವರು ಅವಳ ಕೋಣೆಯಲ್ಲೇ ಮಲಗುತ್ತಾರೆ. ಮುಂಬಾಗಿಲಿಗೆ ಮೇಲುಗಡೆ ಇನ್ನೊಂದು ಚಿಲಕವನ್ನೂ ಹಾಕಿದ್ದಾರೆ. ಎಡಗೈಯಲ್ಲಿ ಸ್ಕ್ರೂ ತಿರುಗಿಸಿದ್ದು, ವಕ್ರವಾಗಿದೆ. ಯಾಕೆ ಎಂದರೆ ಕಳ್ಳರ ಕಾಟ ಜಾಸ್ತಿಯಾಗಿದೆ ಎಂದರು. ನಮ್ಮ ಮನೆಯಲ್ಲಿ ಕದಿಯಲು ಹೊಲಿಗೆ ಸೂಜಿ ಬಿಟ್ಟರೆ ಏನಿದೆ ಎಂದು ತಮಾಷೆ ಮಾಡಿದೆ. ಇವರು ನಗಲಿಲ್ಲ. ಮೊದಲಾದರೆ ನನ್ನ ಸಣ್ಣ ಮಾತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನುಷ್ಯರು ಎಷ್ಟು ಬೇಗ ಬದಲಾಗುತ್ತಾರೆ.

ಜೂನ್ ೨೪, ಸೋಮವಾರ

ಆಸ್ಪತ್ರೆಗೆ ಹೋಗಿ ಮೀಸೆಯನ್ನು ನೋಡಿ ಬಂದೆ. ಮಂಚಕ್ಕಿಂತ ಉದ್ದದ ಆಳು, ಪ್ಲಾಸ್ಟರ್ ಹಾಕಿದ ಕಾಲನ್ನು ಮೇಲೆ ಕಟ್ಟಿ ತೂಗುಬಿಟ್ಟಿದ್ದಾರೆ. ಮೀಸೆ ಅರ್ಧ ಬೋಳಿಸಿ ತುಟಿಗೆ ಹೊಲಿಗೆ ಹಾಕಿದ್ದಾರೆ. ಹಣ್ಣು ಇಟ್ಟು, ಹೇಗಿದ್ದೀರಿ ಎಂದು ಕೇಳಿ, ಖಾಲಿ ಸಾಲಿನ ಚಿತ್ರ ತೋರಿಸಿದೆ. ಗೊತ್ತಿಲ್ಲ ಎಂದ. ಇನ್ನೊಮ್ಮೆ ಕೇಳಿದೆ. ಮುಖ ಗೋಡೆಗೆ ತಿರುಗಿಸಿದ. ತಿಂಗಳು ಮುಗಿಯುತ್ತ ಬಂತು, ಇವನು ಗೋಡೆ ನೋಡುತ್ತಾನೆ. ಪ್ಲಾಸ್ಟರಿನ ಮೇಲೆ ಕೈ ಇಟ್ಟು ಸ್ವಲ್ಪ ಒತ್ತಿದೆ. ಅವನ ಹಣೆಯಲ್ಲಿ ಬೆವರು ಮೂಡಿತು. ಇನ್ನೂ ಸ್ವಲ್ಪ ಒತ್ತಿದೆ. ಪಕ್ಕದ ಮಂಚದವರು ನಾನು ಕಾಲು ನೀವುತ್ತಿದ್ದೇನೆ ಎಂದುಕೊಂಡಿರಬೇಕು.

“ಹೇಳ್ತೀನಿ, ಕೈ ತೆಗೀರಿ,” ಎಂದ. ಕೈ ತೆಗೆದ ಮೇಲೆ ಹೇಳಿದ. “ಡ್ರೈವರುಗಳು ನನ್ನ ಹೊಡೀತಾರೆ ಮೇಡಂ. ಆ ಗೇಟಿನ ಕೋಣೆ ಇದ್ಯಲ್ಲ, ಅಲ್ಲಿಗೆ ಬಂದು ಬಾಗಿಲು ಹಾಕಿ ಹೊಡೀತಾರೆ. ನಿಮ್ಮ ಕೂದಲಿಗೆ ಕೈ ಹಾಕಿದ್ನಲ್ಲ, ಎಲ್ಲರ ಮುಂದೆ ಅಂತ ಧೈರ್ಯ ಬಂದು ಅವನನ್ನ ಎತ್ತಿ ಎಸೆದೆ. ಸಾಯಂಕಾಲ ಇಬ್ಬರನ್ನ ಕರ್ಕೊಂಡು ಬಂದು ನನ್ನ ನೆಲಕ್ಕೆ ಹಾಕಿ ತುಳಿದ.”

ನಂಬಲಾಗಲಿಲ್ಲ. ಇಷ್ಟು ದೊಡ್ಡ ಆಳು, ತಿರುಗಿ ಒಂದು ಕೊಡಬಾರದೇ, ಮ್ಯಾನೇಜರನಿಗಾದರೂ ಹೇಳಬಾರದೇ ಎಂದು ಕೇಳಿದೆ.

“ಈ ಮೈ, ಈ ಮೀಸೆ ಇಟ್ಕೊಂಡು ಹೊಡೆಸ್ಕೊಂಡೆ ಅಂದ್ರೆ ಯಾರು ನಂಬ್ತಾರೆ? ನಗ್ತಾರೆ. ಮನೇಲಿ ಬಿದ್ದೆ ಅಂತ ಹೇಳ್ತೀನಿ. ಆದ್ರೆ ಹೊಡೆದ್ರು ಅಂತ ಎಲ್ಲಾದ್ರೂ ಒಂದ್ಕಡೆ ಇರ್ಬೇಕು ಅನ್ಸುತ್ತೆ. ಲಾರಿ ತಡೆಯೋ ಪುಟ ತೆಗೀತೀನಿ. ಹೊಡೆದವನ ಲಾರಿ ನಂಬರ್ ಹಾಕಿದ್ರೆ ಅವನಿಗೆ ಗೊತ್ತಾಗಿ ಮತ್ತೆ ಬರ್ತಾನೆ. ಕೈ ಹೋಗಲ್ಲ. ಅದಕ್ಕೆ ಖಾಲಿ ಬಿಟ್ಟು ಸೇವ್ ಒತ್ತುತ್ತೀನಿ. ತಾರೀಖು ಒಂದು ಇರುತ್ತಲ್ಲ ಮೇಡಂ, ನಂಗೆ ಅಷ್ಟು ಸಾಕು.”

ತಾನು ಒತ್ತಿದ ಆ ಸಾಲಿನಿಂದಲೇ ಲಾರಿಗಳೆಲ್ಲ ನಿಲ್ಲುತ್ತವೆ, ನಿಂತದ್ದಕ್ಕೇ ಅವನಿಗೆ ಇನ್ನಷ್ಟು ಹೊಡೆತ ಬೀಳುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೆ ಕಣ್ಣು ಮುಚ್ಚಿಕೊಂಡ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ನನಗೆ. ಎಂಥೆಂಥ ತಾಂತ್ರಿಕ ದೋಷ ಹುಡುಕಿದ್ದೆ, ಕೊನೆಗೆ ಇದು.

ಊಟದ ಹೊತ್ತಿನಲ್ಲಿ ಇವರಿಗೆ ಇದನ್ನೆಲ್ಲ ಹೇಳಿದೆ. ಹೊಡೆಸಿಕೊಂಡವರು ಬಾಯಿ ಬಿಟ್ಟು ಹೇಳಬೇಕಪ್ಪ, ಮುಚ್ಚಿಟ್ಟುಕೊಂಡು ಊರಿಗೆಲ್ಲ ಬಿದ್ದೆ ಬಿದ್ದೆ ಎಂದರೆ ಯಾರಿಗೆ ಹೇಗೆ ಗೊತ್ತಾಗಬೇಕು ಎಂದೆ. ಇವರು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದರು. ಚಮಚ ತಟ್ಟೆಗೆ ತಾಗಿ ಟಿಕಿಟಿಕಿ ಎನ್ನುತ್ತಿತ್ತು. ಪುಟ್ಟಿ ಅಪ್ಪನ ಮುಖ ನೋಡಿದಳು, ಆಮೇಲೆ ತಟ್ಟೆ ನೋಡಿದಳು. ಸದ್ದು ಮಾಡಬೇಡಿ ರೀ, ತಲೆ ಸಿಡಿಯುತ್ತಿದೆ ಎಂದೆ. ಇವರು ಚಮಚ ಕೆಳಗಿಟ್ಟು ಹಾಗೇ ಕೂತರು.

ಜೂನ್ ೨೫, ಮಂಗಳವಾರ

ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ.

ಕೆಲಸ ಮುಗಿಯಿತು. ವರದಿ ಬರೆದು ಕಳಿಸಿದೆ, ಹನ್ನೊಂದಕ್ಕೆ ಅಪ್ಪಣೆ ಬಂತು, ಕ್ವೆರಿಗೆ ಒಂದೇ ಒಂದು ಸಾಲು ಸೇರಿಸಿದೆ. ನಂಬರ್ ಖಾಲಿ ಇರುವುದನ್ನು ಲೆಕ್ಕಕ್ಕೆ ಹಿಡಿಯಬೇಡ. ಅಷ್ಟೆ. ಪರೀಕ್ಷೆಗೆಂದು ನಾನೇ ಹತ್ತಾರು ಖಾಲಿ ಸಾಲು ಹಾಕಿ ನೋಡಿದೆ, ಪಟ್ಟಿ ಅಲುಗಲಿಲ್ಲ. ಲಾರಿಗಳು ಒಂದರ ಹಿಂದೆ ಒಂದು ಹೊರಟುಹೋದವು. ಅಂಗಳ ಇಷ್ಟು ಖಾಲಿಯಾಗಿದ್ದನ್ನು ನಾನು ನೋಡಿರಲಿಲ್ಲ. ಗೇಟಿನ ಪುಟದಲ್ಲೂ ನಂಬರ್ ಹಾಕದೆ ಸೇವ್ ಒತ್ತಲು ಬಾರದ ಹಾಗೆ ಮಾಡಿದೆ. ಸಾಹೇಬರು ಫೋನಿನಲ್ಲಿ ಭೇಷ್ ಎಂದರು. ನಾಳೆಯಿಂದ ನನ್ನ ಹಳೆಯ ಕುರ್ಚಿ.

ಹೊರಡುವಾಗ ಮೀಸೆಗೆ ಫೋನ್ ಮಾಡಿ, ಇನ್ನು ಭಯಪಡಬೇಡಿ, ಖಾಲಿ ಸಾಲು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಕಲೂ ಬರುವುದಿಲ್ಲ ಎಂದು ತಿಳಿಸಿದೆ. ಅವನಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ.

“ಹಾಗಾದ್ರೆ ಇನ್ನು ಎಲ್ಲಿ ಬರೀಲಿ ಮೇಡಂ?” ಎಂದ.

ಫೋನ್ ಇಟ್ಟೆ.

ಪುಟ್ಟಿಗೆ ಬಣ್ಣದ ಪೆನ್ಸಿಲ್ ಡಬ್ಬಿ, ಇವರಿಗೆ ಹೊಸ ಸ್ಕ್ರೂಡ್ರೈವರುಗಳ ಸೆಟ್ಟು ತೆಗೆದುಕೊಂಡು ಬಂದೆ. ಬೆರಳು ವಾಸಿಯಾದ ಮೇಲೆ ಬೇಕಾಗುತ್ತದೆ. ಮೂರು ವಾರದಲ್ಲಿ ಮೊದಲ ಸಲ ಮನಸ್ಸು ಹಗುರವಾಗಿತ್ತು, ದಾರಿಯುದ್ದಕ್ಕೂ ಗುನುಗುತ್ತ ಬಂದೆ. ಕೀಲಿ ತಿರುಗಿಸಿದರೆ ಬಾಗಿಲು ತೆರೆಯಲಿಲ್ಲ. ಕೀಲಿ ಸರಿಯಾಗಿ ತಿರುಗುತ್ತಿದೆ, ಅಂದರೆ ಬೀಗದ ದೋಷವಲ್ಲ. ಮಳೆಗಾಲ, ಮರ ಉಬ್ಬಿರಬಹುದು ಎಂದು ತಳ್ಳಿ ನೋಡಿದೆ. ಕೆಳಗಿನ ಅಂಚು ಆಡಿತು, ಅಲ್ಲೇನೂ ಸಿಕ್ಕಿಕೊಂಡಿಲ್ಲ. ಒಳಗಿನ ಚಿಲಕ ತಾನಾಗಿ ಬಿದ್ದಿರಬೇಕು, ಇವರು ಎಡಗೈಯಲ್ಲಿ ಹಾಕಿದ ಚಿಲಕವಲ್ಲವೇ. ತಟ್ಟಿದೆ. ರೀ ಎಂದು ಕರೆದೆ. ಒಳಗೆ ಹೆಜ್ಜೆ ಸಪ್ಪಳ ಬಂದು ಬಾಗಿಲ ಹತ್ತಿರ ನಿಂತಿತು, ಚಿಲಕ ಮಾತ್ರ ಸರಿಯಲಿಲ್ಲ. ಅಂಗೈಯಲ್ಲಿ ತಟ್ಟಿದರೆ ಕೇಳಿಸುವುದಿಲ್ಲವೇನೋ ಎಂದು ಗಟ್ಟಿಯಾಗಿ ತಟ್ಟಿದೆ. ಬಾಗಿಲಿನ ಬಣ್ಣ ಸ್ವಲ್ಪ ಎದ್ದುಬಂತು. ಮೇಲಿನ ಮನೆ ಅಜ್ಜಿ ತಮ್ಮ ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು.

ಆಗಲೇ ಈ ಡೈರಿ ತೆಗೆದು ಕೂತದ್ದು. ಸಿಟ್ಟು ಇಳಿಯಲಿ ಎಂದು ಹಿಂದಿನ ಪುಟ ತಿರುಗಿಸಿದೆ. ಹನ್ನೊಂದನೇ ತಾರೀಖಿನ ಕೆಳಗೆ ಏನೂ ಇಲ್ಲ. ಇಪ್ಪತ್ತೊಂದರ ಕೆಳಗೂ ಏನೂ ಇಲ್ಲ. ತಾರೀಖು ಮಾತ್ರ ನನ್ನ ಅಕ್ಷರದಲ್ಲೇ ಇದೆ. ಕೆಲಸದ ಒತ್ತಡ, ಬರೆಯುವಷ್ಟರಲ್ಲಿ ನಿದ್ದೆ ಬಂದಿರಬೇಕು. ಈಗ ತುಂಬಿಸೋಣವೆಂದು ಪೆನ್ನು ಇಟ್ಟೆ. ಕೈ ಹೋಗಲಿಲ್ಲ.

ಮತ್ತೆ ಎದ್ದು ಹೋಗಿ ತಟ್ಟಿದೆ. ಈ ಸಲ ಬಾಗಿಲಿನ ಆಚೆಯಿಂದ, ಬೀಗದ ಕಂಡಿಯ ಎತ್ತರದಿಂದ ಪುಟ್ಟಿಯ ದನಿ ಬಂತು. ಸಣ್ಣಗೆ, ಹೇಳಿಕೊಟ್ಟ ಪಾಠ ಒಪ್ಪಿಸುವ ಹಾಗೆ ಕೇಳಿದಳು.

“ಅಮ್ಮ, ಅಪ್ಪ ಕೇಳ್ತಿದಾರೆ. ನಿನ್ನ ಕೈಯಲ್ಲಿ ಏನಿದೆ?”

ಏನೂ ಇಲ್ಲ ಪುಟ್ಟಿ, ಖಾಲಿ ಎಂದೆ. ರಾಡನ್ನು ಸದ್ದಾಗದ ಹಾಗೆ ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟೆ. ಕಲ್ಲಿನ ಮೆಟ್ಟಿಲು, ಕಬ್ಬಿಣ, ಎಷ್ಟು ಮೆಲ್ಲಗಿಟ್ಟರೂ ಸ್ವಲ್ಪ ಸದ್ದಾಯಿತು. ಒಳಗೆ ಕೆಳಗಿನ ಚಿಲಕವನ್ನೂ ಹಾಕಿದರು.